ಕುಡಿಯೋಕೆ ಕ್ಯಾನ್ ನೀರು, ಸಾರಿಗೆ ಬೋರ್ ನೀರು!

ನಮಸ್ಕಾರ. ಬೋರ್ ನೀರಲ್ಲಿ ಕಲ್ಲಿಂದ ಕರಗಿ ಬರೋ ಫ್ಲೋರೈಡ್ ಅನ್ನೋ ಲವಣ ಜಾಸ್ತಿಯಾದ್ರೆ ಮಕ್ಕಳ ಹಲ್ಲು ಕಂದಾಗುತ್ತೆ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಬಾಗೇಪಲ್ಲಿ ಕಡೆಯ ಅಣ್ಣ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ನಾವು ಫಿಲ್ಟರ್ ನೀರೇ ಕುಡಿಯೋದು. ಆದ್ರೂ ಮಗನ ಹಲ್ಲು ಕಂದು. ಫ್ಲೋರೈಡ್ ಅನ್ನೋದೇ ಸುಳ್ಳು."

ಸರಿ ಅಣ್ಣ, ಒಂದೇ ಪ್ರಶ್ನೆ. ಸಾರು ಯಾವ ನೀರಲ್ಲಿ?

ಬೋರ್ ನೀರಲ್ಲಿ ತಾನೇ? ಪಾವಗಡದಿಂದ ಮುಳಬಾಗಿಲವರೆಗೂ ಇದೇ ಕಥೆ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ಹೊತ್ತು ತಂದು, ಹಾಲ್‌ನಲ್ಲಿ ಸ್ಟೂಲ್ ಮೇಲೆ ದೇವರ ಥರ ಕೂರಿಸೋದು. ಅನ್ನ, ಸಾರು, ಮುದ್ದೆ, ಟೀ ಎಲ್ಲ ನಲ್ಲಿಗೆ ಬರೋ ಬೋರ್ ನೀರಲ್ಲಿ.

ಲೆಕ್ಕ ನೋಡಿ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರು ಸಿಗದೇ ಇದ್ರೆ 1.5. ನಿಮ್ಮ ಬೋರಲ್ಲಿ 2 ಇದೆ ಅನ್ಕೊಳ್ಳಿ. ಎರಡು ಲೀಟರ್ ಬೇಳೆಗಿಟ್ರಿ, ಕುದ್ದು ಒಂದು ಲೀಟರ್ ಆಯ್ತು. ಆವಿ ಜೊತೆ ನೀರು ಹೋಯ್ತು, ಫ್ಲೋರೈಡ್ ಪಾತ್ರೆಯಲ್ಲೇ ಕೂತ್ಕೊಳ್ತು. ಈಗ ಆ ಸಾರಲ್ಲಿ ಲೀಟರಿಗೆ 4! ಕುದಿಸಿ ಆರಿಸಿ ಕುಡೀರಿ ಅನ್ನೋ ಮಾತು ಕ್ರಿಮಿಗೆ ಸ್ವಾಮಿ. ಇದು ಕಲ್ಲಿಂದ ಕರಗಿ ಬಂದಿರೋದು, ಕುದಿಸಿದಷ್ಟೂ ಗಟ್ಟಿಯಾಗುತ್ತೆ.

ಕೂಸಿನ ರಾಗಿ ಸರಿ ಯಾವ ನೀರಲ್ಲಮ್ಮ? ತಾಯಿ ಹಾಲಲ್ಲಿ ಫ್ಲೋರೈಡ್ ತೀರಾ ಕಮ್ಮಿ. ಅದನ್ನ ಬಿಡಿಸಿ ಬೋರ್ ನೀರಲ್ಲಿ ತಿರುವಿ ತಿರುವಿ ಬೇಯಿಸಿದ ಸರಿ ತಿನ್ನಿಸ್ತೀವಿ. ಪುಡಿ ಹಾಲು ಕಲಸೋದೂ ಅದರಲ್ಲೇ. ಶಾಶ್ವತ ಹಲ್ಲು ಒಸಡೊಳಗೆ ತಯಾರಾಗೋದು ಇದೇ ವಯಸ್ಸಲ್ಲಿ, ಹುಟ್ಟಿದಾಗಿಂದ ಸುಮಾರು 8 ವರ್ಷದವರೆಗೆ. ಕಲೆ ಕಾಣೋದು ಹಲ್ಲು ಹೊರಗೆ ಬಂದಮೇಲೆ. ಆಗ ಕ್ಯಾನ್ ತಂದ್ರೂ ಅದು ಹೋಗಲ್ಲ. ಅಣ್ಣ, ನಿಮ್ಮ ಕಾಮೆಂಟಿಗೆ ಉತ್ತರ ಸಿಕ್ತಾ?

ಇನ್ನೊಬ್ಬರು ಟಿಡಿಎಸ್ ಮೀಟರ್ ಫೋಟೋ ಕಳಿಸಿದ್ದಾರೆ, "150 ಬಂತು, ಸೂಪರ್ ನೀರು!" ಅಂತ. ಸೂಪರ್ರೇ. ಆ ಕಡ್ಡಿ ಹೇಳೋದು ಕರಗಿರೋ ಲವಣ ಒಟ್ಟು ಎಷ್ಟು ಅಂತ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಎರಡೂ ಫ್ಲೋರೈಡ್ ತಡೆಯಲ್ಲ. ಆರ್‌ಒ, ಅಂದ್ರೆ ಘಟಕದಲ್ಲಿ ತೆಳು ಪೊರೆಯಿಂದ ನೀರು ಸೋಸೋ ಯಂತ್ರ, ತಡೆಯುತ್ತೆ, ಆದ್ರೆ ಆ ಪೊರೆ (ಮೆಂಬ್ರೇನ್) ಹಾಳಾದ್ರೆ ಅದೂ ಬಿಟ್ಟುಬಿಡುತ್ತೆ. ಅದಕ್ಕೇ ಕ್ಯಾನ್ ನೀರನ್ನೂ, ಬೋರ್ ನೀರನ್ನೂ ಬೇರೆ ಬೇರೆ ಪರೀಕ್ಷೆ ಮಾಡಿಸಿ. ನಲ್ಲಿ ಸ್ವಲ್ಪ ಹೊತ್ತು ಹರಿಯಲಿ, ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಲ್ಲಿ ಎರಡು ಸಲ ಜಾಲಿಸಿ ಒಂದು ಲೀಟರ್ ತುಂಬಿ. ಗಾಜಿನ ಬಾಟಲಿ ಬೇಡ, ಗಾಜಿಗೂ ಫ್ಲೋರೈಡಿಗೂ ಆಗಿಬರಲ್ಲ. ಗ್ರಾಮೀಣ ಕುಡಿಯುವ ನೀರಿನ ಇಲಾಖೆ ಲ್ಯಾಬಿಗೆ ಕೊಟ್ಟು, ಬಾಯಿಬಿಟ್ಟು "ಫ್ಲೋರೈಡ್ ನೋಡಿ" ಅನ್ನಿ.

"ನಮ್ಮಜ್ಜ ಈ ನೀರೇ ಕುಡಿದು 90 ವರ್ಷ ಬದುಕಿದ್ರು." ಅಜ್ಜ ಸೇದಿ ಕುಡಿದಿದ್ದು ಬಾವಿ ನೀರು ಗುರು! ನೀನು 1,200 ಅಡಿ ಕೆಳಗೆ ಬಂಡೆ ಸಂದಿಯಿಂದ ಎಳೀತಿದ್ದೀಯ.

ಹಾಗಂತ ಸ್ನಾನಕ್ಕೂ ಕ್ಯಾನ್ ಬೇಡಪ್ಪ. ಚರ್ಮದಿಂದ ಒಳಗೆ ಹೋಗಲ್ಲ. ಪಾತ್ರೆ, ಬಟ್ಟೆ, ತರಕಾರಿ ತೊಳೆಯೋದು ಬೋರಲ್ಲೇ ಆಗಲಿ. ಕುಡಿಯೋ ನೀರು, ಅಡುಗೆಗೆ ಒಲೆ ಮೇಲೆ ಏರೋ ನೀರು ಮಾತ್ರ ಕ್ಯಾನಿಂದು. ನಾಲ್ಕು ಜನರ ಮನೆಗೆ ಕುಡಿಯೋಕೂ ಅಡುಗೆಗೂ ದಿನಕ್ಕೆ ಒಂದು ಕ್ಯಾನ್ ಹೆಚ್ಚುಕಮ್ಮಿ ಸಾಕು. ದುಡ್ಡು ದಂಡ ಅನ್ನೋರು ಗುಟ್ಕಾ ಪ್ಯಾಕೆಟ್ ಕೆಳಗಿಟ್ಟು ಮಾತಾಡಿ. ಅಂಗನವಾಡಿ, ಬಿಸಿಯೂಟದ ಸಾಂಬಾರ್ ಯಾವ ನೀರಲ್ಲಿ? ಕೇಳಿದ್ದೀರಾ? ಕೇಳಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನೋಡ್ರೀ, ಈಗಷ್ಟೇ ಬಂತು ಇನ್ನೊಂದು: "ಕ್ಯಾನ್ ನೀರಲ್ಲಿ ಸಾರು ರುಚಿ ಬರಲ್ಲ." ಉಪ್ಪು ಹಾಕಮ್ಮ, ಉಪ್ಪು!