ಎಲ್‌ಜಿಡಿ: ಸಾಕಪ್ಪನ ಹೆಸರಿನ ಟೀಮ್

ನಮಸ್ಕಾರ. ಮೇಜಿನ ಮೇಲಿರುವ ಈ ಕೆಂಪು ಸೀಸೆ ನೋಡಿ. ಚೀನಾದ ಮೆಣಸಿನಕಾಯಿ ಎಣ್ಣೆ, ಲಾವೊ ಗಾನ್ ಮಾ. ಬಿಸಿ ಅನ್ನಕ್ಕೆ ಕಲಸಿಕೊಂಡರೂ ಚೆನ್ನಾಗಿರುತ್ತದೆ. ಆದರೆ ನಾನು ಹುಡುಕಿಕೊಂಡು ಹೋಗಿದ್ದು ಇದನ್ನಲ್ಲ. ಇದೇ ತರದ ಇನ್ನೊಂದು ಸೀಸೆ ಇದೆ, ಲಾವೊ ಗಾನ್ ಡಿಯೆ. ಎರಡೂ ಗ್ವೀಜೋ ಪ್ರಾಂತ್ಯದವೇ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಒಂದು ಸಾಕಮ್ಮ, ಇನ್ನೊಂದು ಸಾಕಪ್ಪ. ಅಂಗಡಿಯಲ್ಲಿ ಅಮ್ಮ ಸಿಕ್ಕಿದಳು, ಅಪ್ಪ ಸಿಗಲಿಲ್ಲ.

ಆ ಅಪ್ಪನ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ. ಎಲ್, ಜಿ, ಡಿ. 2009ರಲ್ಲಿ ಚೀನಾದಲ್ಲಿ ಡೋಟಾ ಅನ್ನೋ ಕಂಪ್ಯೂಟರ್ ಗೇಮ್ ಆಡಲು ಎಫ್‌ಟಿಡಿ ಅಂತ ಒಂದು ಟೀಮ್ ಶುರುವಾಯಿತು. ಪೂರ್ತಿ ಹೆಸರು ಫಾರ್ ದಿ ಡ್ರೀಮ್. ಕನಸೇನೋ ಇತ್ತು, ಕಾಸು ಕೊಡುವವರು ಬೇಕಿತ್ತು. ಮೆಣಸಿನಕಾಯಿ ಕಂಪನಿ ಮುಂದೆ ಬಂತು, ಟೀಮಿನ ಹೆಸರು ಎಲ್‌ಜಿಡಿ ಆಯಿತು. ನಮ್ಮಲ್ಲಿ ಉಪ್ಪಿನಕಾಯಿ ಕಂಪನಿಯ ಹೆಸರಲ್ಲಿ ಕಬಡ್ಡಿ ಟೀಮ್ ಇದ್ದ ಹಾಗೆ ಅಂದುಕೊಳ್ಳಿ.

ಸಾಕಪ್ಪ ಅನ್ನೋ ಹೆಸರು ಎಷ್ಟು ಸರಿಯಾಗಿದೆ ಅಂತ ಈ ಟೀಮಿನ ಫ್ಯಾನ್ ಆದವರಿಗೇ ಗೊತ್ತು. ಪ್ರತಿ ವರ್ಷ ಕೊನೆಗೆ ನಮ್ಮ ಬಾಯಲ್ಲಿ ಬರುವುದೂ ಅದೇ. ಸಾಕಪ್ಪ, ಸಾಕು.

ಡೋಟಾ ಗೊತ್ತಿಲ್ಲದವರಿಗೆ ಎರಡೇ ಮಾತು. ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಎದುರಾಳಿಯ ಕೋಟೆ ಒಡೆದರೆ ಗೆದ್ದಂತೆ. ವರ್ಷಕ್ಕೊಂದು ದೊಡ್ಡ ಟೂರ್ನಿ, ದಿ ಇಂಟರ್‌ನ್ಯಾಷನಲ್. ಎಲ್ಲರೂ ಟಿಐ ಅಂತಾರೆ.

2012ರ ಟಿಐನಲ್ಲಿ ಎಲ್‌ಜಿಡಿ ಗ್ರೂಪ್ ಹಂತದ 14 ಗೇಮ್‌ಗಳಲ್ಲಿ 14ನ್ನೂ ಗೆದ್ದಿತ್ತು. ಒಂದೂ ಸೋಲಲಿಲ್ಲ. ಕೊನೆಗೆ ಬಂದಿದ್ದು ಮೂರನೇ ಸ್ಥಾನ. ಕಪ್ ಚೀನಾದ್ದೇ ಇನ್ನೊಂದು ಟೀಮಾದ ಐಜಿ ಪಾಲಾಯಿತು. ಆಗಿನ ಎಲ್‌ಜಿಡಿಯಲ್ಲಿದ್ದ ಜಾಂಗ್ ನಿಂಗ್, ಅಂದರೆ ಶಿಯಾವೊಬಾ, ಮುಂದೆ ನ್ಯೂಬೀ ಟೀಮಿಗೆ ಹೋದ. 2014ರಲ್ಲಿ ಕ್ಯಾಪ್ಟನ್ ಆಗಿ ಟಿಐ ಗೆದ್ದೇಬಿಟ್ಟ. ಆಮೇಲೆ ಎಲ್‌ಜಿಡಿಗೆ ವಾಪಸ್ ಬಂದ. 2015ರಲ್ಲಿ ಮತ್ತೆ ಮೂರನೇ ಸ್ಥಾನ!

ಆ ವರ್ಷದ ತಮಾಷೆ ಇನ್ನೂ ಇದೆ. ಫೈನಲ್ ತನಕ ಹೋದ ಚೀನಾ ಟೀಮ್ ಸಿಡಿಇಸಿ. ಅದು ಹುಟ್ಟಿದ್ದು ಎಲ್‌ಜಿಡಿಯ ಕಿರಿಯರ ಟೀಮ್ ಆಗಿ. ವೈಲ್ಡ್ ಕಾರ್ಡ್‌ನಲ್ಲಿ ಬಂದ ಮಗ ಎರಡನೆಯವನು, ಅಪ್ಪ ಮೂರನೆಯವನು. 2017ರಲ್ಲಿ ಅಣ್ಣತಮ್ಮಂದಿರ ಸರದಿ. ಎಲ್‌ಜಿಡಿಯ ಎರಡನೇ ಟೀಮ್ ಎಲ್‌ಎಫ್‌ವೈ ಮೂರನೇ ಸ್ಥಾನಕ್ಕೆ, ಎಲ್‌ಜಿಡಿ ನಾಲ್ಕನೇ ಸ್ಥಾನಕ್ಕೆ.

ಇಷ್ಟೊತ್ತಿಗೆ ಟೀಮಿಗೆ ಒಬ್ಬ ಹುಡುಗ ಬಂದಿದ್ದ. ವಾಂಗ್ ಚುನ್‌ಯು. ಆಟದಲ್ಲಿ ಅವನ ಹೆಸರು ಎ, ಎಂ, ಇ. ನನ್ನ ತಮ್ಮ ಅದನ್ನು ಮೊದಲ ಸಲ ಸ್ಕ್ರೀನ್ ಮೇಲೆ ನೋಡಿ 'ಆಮೆ' ಅಂತ ಓದಿದ. ಕಾಮೆಂಟರಿಯವರು ಹೇಳುವುದೂ ಹೆಚ್ಚುಕಮ್ಮಿ ಹಾಗೆಯೇ. ಅವತ್ತಿಂದ ನಮ್ಮ ಮನೆಯಲ್ಲಿ ಅವನು ಆಮೆಯೇ. ಹೆಸರೂ ಒಪ್ಪುತ್ತದೆ. ಅವನದು ಕ್ಯಾರಿ ಪಾತ್ರ. ಮೊದಲ ಅರ್ಧ ಗಂಟೆ ಮೂಲೆಯಲ್ಲಿ ಸದ್ದಿಲ್ಲದೆ ಚಿನ್ನ ಕೂಡಿಡಬೇಕು. ಉಳಿದ ನಾಲ್ವರು ಅವನಿಗೋಸ್ಕರ ಒದೆ ತಿನ್ನುತ್ತಾರೆ. ಆಮೇಲೆ ಅವನು ನಿಧಾನವಾಗಿ ಹೊರಗೆ ಬಂದು ಎಲ್ಲರನ್ನೂ ಮುಗಿಸುತ್ತಾನೆ.

2018. ಏಪ್ರಿಲ್‌ನಲ್ಲಿ ಪ್ಯಾರಿಸ್ ಫುಟ್‌ಬಾಲ್ ಕ್ಲಬ್ ಪಿಎಸ್‌ಜಿ ಕೈಜೋಡಿಸಿತು. ಟೀಮಿನ ಹೆಸರು ಪಿಎಸ್‌ಜಿ ಡಾಟ್ ಎಲ್‌ಜಿಡಿ ಆಯಿತು. ಮೇ ತಿಂಗಳಲ್ಲಿ ಮಾಸ್ಕೋದ ಎಪಿಸೆಂಟರ್ ಟೂರ್ನಿ, ಅದರ ಬೆನ್ನಿಗೇ ಚಾಂಗ್‌ಷಾ ಮೇಜರ್ ಟೂರ್ನಿ. ಎರಡೂ ಇವರದ್ದೇ. ಅದರ ಮೇಲೆ ಇನ್ನೊಂದು ನಂಬಿಕೆ ಬೇರೆ. 2012, 2014, 2016: ಸಮ ಸಂಖ್ಯೆಯ ವರ್ಷ ಬಂದಾಗಲೆಲ್ಲ ಟಿಐ ಗೆದ್ದಿದ್ದು ಚೀನಾ. ಬೆಸ ವರ್ಷಗಳು ಬೇರೆಯವರಿಗೆ. ಹಾಗಿದ್ದರೆ 2018 ಯಾರದ್ದು? ಪಂಚಾಂಗ ನೋಡಿದ ಹಾಗೆ ಎಲ್ಲರೂ ಹೇಳಿಬಿಟ್ಟಿದ್ದರು.

ವ್ಯಾಂಕೂವರ್‌ನ ಫೈನಲ್‌ನಲ್ಲಿ ಎದುರಿಗೆ ಬಂದಿದ್ದು ಯುರೋಪಿನ ಓಜಿ ಟೀಮ್. ಟಿಐಗೆ ಕೆಲವೇ ತಿಂಗಳ ಮುಂಚೆ ಅವರ ಇಬ್ಬರು ಆಟಗಾರರು ಬೇರೆ ಟೀಮಿಗೆ ಹೋಗಿದ್ದರು. ಕೋಚ್ ಆಗಿದ್ದವನೇ ಆಡಲು ಕೂತಿದ್ದ. ಮಿಡ್‌ನಲ್ಲಿ, ಅಂದರೆ ಮೈದಾನದ ನಡು ದಾರಿಯಲ್ಲಿ, ಟಾಪ್ಸನ್ ಅನ್ನೋ ಹೊಸ ಹುಡುಗ. ಯಾರು ಬೇಕಾದರೂ ಆಡಬಹುದಾದ ಓಪನ್ ಕ್ವಾಲಿಫೈಯರ್‌ನಿಂದ ಆಡಿಕೊಂಡು ಬಂದವರು. ನಮಗೆ ಆಗ ನಡುರಾತ್ರಿ ದಾಟಿತ್ತು. ತಮ್ಮ ಹಾಸಿಗೆಯಲ್ಲಿ, ನಾನು ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ. ಎಲ್‌ಜಿಡಿ 2-1 ಮುಂದಿತ್ತು. ನಾಲ್ಕನೇ ಗೇಮ್‌ನಲ್ಲೂ ಒಂದು ಹಂತದಲ್ಲಿ ಲೀಡ್ ಇವರದ್ದೇ. ನಾನು ತಮ್ಮನನ್ನು ತಟ್ಟಿ ಎಬ್ಬಿಸಿದೆ, ಕಪ್ ಎತ್ತುವುದನ್ನು ನೋಡಲಿ ಅಂತ. ಅದು ನನ್ನ ತಪ್ಪು. ಅವನು ಕಣ್ಣುಜ್ಜಿಕೊಂಡು ಎದ್ದು ಕೂತು ನೋಡಿದ್ದು ಓಜಿ ತಿರುಗಿ ಬಿದ್ದಿದ್ದನ್ನು. 3-2. ಕಪ್ ಎತ್ತಿದ್ದು ಓಜಿ.

ಮುಂದಿನ ವರ್ಷ ಟಿಐ ಎಲ್‌ಜಿಡಿಯ ಅಂಗಳಕ್ಕೇ ಬಂತು, ಶಾಂಘೈಗೆ. ಅಲ್ಲೂ ಮೂರನೇ ಸ್ಥಾನ. ಓಜಿಯೇ ಮತ್ತೆ ಗೆದ್ದಿತು. ಅದರ ಬಗ್ಗೆ ಜಾಸ್ತಿ ಮಾತಾಡಲು ನನಗೆ ಇಷ್ಟವಿಲ್ಲ.

ಈಗ 2021. ನನ್ನ ಪ್ರಕಾರ ಎಲ್‌ಜಿಡಿ ಕಟ್ಟಿದ ಅತ್ಯುತ್ತಮ ಟೀಮ್ ಇದು. ಆಮೆ ಜೊತೆ ಮಲೇಷ್ಯಾದ ನಥಿಂಗ್‌ಟುಸೇ, ಶಿನ್‌ಕ್ಯೂ, ಫೇಯ್ತ್ ಬಿಯಾನ್ ಮತ್ತು ವೈ. ಕೊನೆಯ ಇಬ್ಬರು 2016ರಲ್ಲಿ ವಿಂಗ್ಸ್ ಟೀಮಿನಲ್ಲಿ ಟಿಐ ಗೆದ್ದವರು. ಕೋಚ್ ನಮ್ಮ ಶಿಯಾವೊಬಾ. ಜೂನ್‌ನಲ್ಲಿ ಕೀವ್‌ನ ಆನಿಮೇಜರ್ ಟೂರ್ನಿಯ ಫೈನಲ್‌ನಲ್ಲಿ ಅಮೆರಿಕದ ಇಜಿ ಟೀಮನ್ನು 3-0 ಹೊಡೆದಿದ್ದರು.

ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋದ ಟಿಐ ಬುಕಾರೆಸ್ಟ್‌ನಲ್ಲಿ ನಡೆಯಿತು. ಪ್ರೇಕ್ಷಕರಿಗೆ ಪ್ರವೇಶವಿಲ್ಲ, ಖಾಲಿ ಕುರ್ಚಿಗಳು. ಬಹುಮಾನ ಮಾತ್ರ 4 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 300 ಕೋಟಿ ರೂಪಾಯಿ. ಇದರಲ್ಲಿ ಬಹುಪಾಲು ಬಂದಿದ್ದು ಆಡುವವರ ಜೇಬಿನಿಂದಲೇ. ಆಟದೊಳಗೆ ಬ್ಯಾಟಲ್ ಪಾಸ್ ಅನ್ನೋದನ್ನು ಮಾರಿದ ದುಡ್ಡಿನ ಕಾಲು ಭಾಗ ಬಹುಮಾನಕ್ಕೆ ಸೇರುತ್ತಿತ್ತು.

ಫೈನಲ್‌ನಲ್ಲಿ ಎದುರಾಳಿ ಟೀಮ್ ಸ್ಪಿರಿಟ್. ಮೊದಲ ಪ್ಲೇಆಫ್ ಪಂದ್ಯದಲ್ಲೇ ಸೋತು, ಇನ್ನೊಮ್ಮೆ ಸೋತರೆ ಆಟ ಮುಗಿಯಿತು ಅನ್ನೋ ಕೆಳಗಿನ ಬ್ರಾಕೆಟ್‌ಗೆ ಬಿದ್ದು, ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಾ ಬಂದವರು. ಅಕ್ಟೋಬರ್ 17, ಭಾನುವಾರ. ಆಯುಧಪೂಜೆ ಮುಗಿದು ಮೂರು ದಿನವಾಗಿತ್ತು. ಮಾನಿಟರ್ ಮೂಲೆಯಲ್ಲಿ ಅಮ್ಮ ಇಟ್ಟ ಕುಂಕುಮ ಇನ್ನೂ ಹಾಗೇ ಇತ್ತು. ಒಣಗಿ ಪುಡಿ ಪುಡಿಯಾಗಿ ಕೀಬೋರ್ಡ್ ಮೇಲೆ ಉದುರುತ್ತಿತ್ತು. ಒರೆಸಲಿಲ್ಲ. ಸುಮ್ನೆ ಯಾಕೆ ರಿಸ್ಕ್, ಅಲ್ವಾ?

ಸ್ಪಿರಿಟ್ ಮೊದಲ ಎರಡು ಗೇಮ್ ಗೆದ್ದಿತು. ಎಲ್‌ಜಿಡಿ ಮುಂದಿನ ಎರಡು. 2-2.

ಐದನೇ ಗೇಮ್‌ನ ಡ್ರಾಫ್ಟ್. ಎರಡೂ ಟೀಮ್ ಒಂದೊಂದಾಗಿ ಹೀರೋಗಳನ್ನು, ಅಂದರೆ ಆಟದ ಪಾತ್ರಗಳನ್ನು, ಬ್ಯಾನ್ ಮಾಡುತ್ತವೆ, ಒಂದೊಂದಾಗಿ ಆರಿಸುತ್ತವೆ. ಸ್ಪಿರಿಟ್‌ನಲ್ಲಿ ಕೊಲ್ಯಾಪ್ಸ್ ಅನ್ನೋ ಆಟಗಾರ. ಅವನ ಮ್ಯಾಗ್ನಸ್ ಎಂಥದ್ದು ಅಂತ ಇಡೀ ಟೂರ್ನಿ ನೋಡಿತ್ತು. ಮ್ಯಾಗ್ನಸ್ ಒಂದು ಕೊಂಬಿನ ದೈತ್ಯ. ಒಂದು ಗುಂಡಿ ಒತ್ತಿದರೆ ಸುತ್ತ ಇರುವ ಎದುರಾಳಿಗಳೆಲ್ಲ ಒಂದೇ ಜಾಗಕ್ಕೆ ಸೆಳೆದುಕೊಂಡು ಬಂದು ಮರಗಟ್ಟಿ ನಿಲ್ಲುತ್ತಾರೆ. ಇನ್ನೊಂದು ಒತ್ತಿದರೆ ಕೊಂಬಿಗೆ ಸಿಕ್ಕಿಸಿಕೊಂಡು ತನ್ನವರ ನಡುವೆ ಎಳೆದು ತರುತ್ತಾನೆ. ಎಲ್‌ಜಿಡಿ ಅದನ್ನು ಬ್ಯಾನ್ ಮಾಡಲಿಲ್ಲ. ಮ್ಯಾಗ್ನಸ್ ಕೊಲ್ಯಾಪ್ಸ್ ಕೈಗೆ ಹೋಯಿತು. ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ಇದನ್ನು ಸೊಕ್ಕು ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಬ್ಯಾನ್‌ಗಳು ಲೆಕ್ಕದ್ದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ. ತೆರೆದ ಬಾಗಿಲಿನಿಂದ ಬಂದವನನ್ನು ತಡೆಯಬಹುದು ಅಂತ ಅವರು ಲೆಕ್ಕ ಹಾಕಿದರು, ಲೆಕ್ಕ ತಪ್ಪಿತು. 3-2. ಸ್ಪಿರಿಟ್‌ಗೆ 1.82 ಕೋಟಿ ಡಾಲರ್, ಎಲ್‌ಜಿಡಿಗೆ 52 ಲಕ್ಷ ಡಾಲರ್. ತಮ್ಮ ಎದ್ದು ಹೋಗಿ ಒದ್ದೆ ಬಟ್ಟೆ ತಂದು ಕೀಬೋರ್ಡ್ ಒರೆಸಿದ.

ಆಮೇಲೆ ರಿಯಾದ್ ಮಾಸ್ಟರ್ಸ್ ಗೆದ್ದರು, 2022ರಲ್ಲಿ. ಆದರೆ ಅದೇ ವರ್ಷದ ಟಿಐನಲ್ಲಿ ಅಗ್ರ ನಾಲ್ಕಕ್ಕೂ ಬರಲಿಲ್ಲ. ಆಮೆ ಟೀಮ್ ಬಿಟ್ಟ. 2023ರಲ್ಲಿ ಪಿಎಸ್‌ಜಿ ಕೂಡ ಹೊರಟುಹೋಯಿತು. ಬರೀ ಎಲ್‌ಜಿಡಿ ಅನ್ನೋ ಹಳೇ ಹೆಸರಲ್ಲಿ ಸಿಯಾಟಲ್‌ನ ಟಿಐಗೆ ಹೋದ ಹುಡುಗರು ಎಷ್ಟನೇ ಸ್ಥಾನಕ್ಕೆ ಬಂದರು ಹೇಳಿ? ಹೂಂ, ಮೂರನೇ ಸ್ಥಾನ.

ಆಮೆ ಮುಂದೆ ಚೀನಾದ್ದೇ ಇನ್ನೊಂದು ಟೀಮ್ ಎಕ್ಸ್‌ಟ್ರೀಮ್ ಗೇಮಿಂಗ್ ಸೇರಿದ. 2025ರ ಸೆಪ್ಟೆಂಬರ್, ಹ್ಯಾಂಬರ್ಗ್. ಟಿಐ ಫೈನಲ್‌ನಲ್ಲಿ ಅವನ ಮೂರನೇ ಸಲ. ಎದುರಿಗೆ ಫಾಲ್ಕನ್ಸ್. ಅದೂ ಐದನೇ ಗೇಮ್‌ವರೆಗೆ ಹೋಯಿತು. ತಮ್ಮನಿಗೆ ಈಗ ಕೆಲಸ. ಸುಸ್ತಾಗಿ ಬೇಗ ಮಲಗಿದ್ದ. ಈ ಸಲ ನಾನು ಎಬ್ಬಿಸಲಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತಾ ಅಡುಗೆಮನೆ ಬಾಗಿಲಲ್ಲಿ ನಿಂತ. "ಅಣ್ಣಾ, ಎಷ್ಟಾಯ್ತು?"

"ಮೂರು ಎರಡು."

ಯಾರಿಗೆ ಅಂತ ಅವನು ಕೇಳಲಿಲ್ಲ.