ಮೊದ್ಲು ನೆಲ, ಆಮೇಲೆ ಗೋಡೆ

ಎಲ್ರಿಗೂ ನಮಸ್ಕಾರ. ಫೋಟೋಗೆ, ಚಿತ್ರಕ್ಕೆ ಫ್ರೇಮು ಹಾಕೋದು ನನ್ನ ಕಸುಬು. ನಾಲ್ಕೋ ಆರೋ ಒಂಬತ್ತೋ ಫ್ರೇಮನ್ನ ಒಂದಕ್ಕೊಂದು ಸೇರಿಸಿ ಗೋಡೆ ಮೇಲೆ ಒಂದೇ ದೊಡ್ಡ ಚಿತ್ರದ ಥರ ಹಾಕೋದು ಹೇಗೆ, ಅದನ್ನ ಹೇಳಿ ಅಂತ ಇವತ್ತು ನನ್ನ ಕರೆದಿದಾರೆ. ಈಗ ಕೇಳ್ತಿರೋರಲ್ಲಿ ಯಾರೋ ಒಬ್ರು ಆಗ್ಲೇ ಒಂದು ಕೈಯಲ್ಲಿ ಸುತ್ತಿಗೆ, ಬಾಯಲ್ಲಿ ಎರಡು ಮೊಳೆ ಕಚ್ಕೊಂಡು ಸ್ಟೂಲ್ ಮೇಲೆ ಹತ್ತಿರ್ತೀರಾ, ನನಗೆ ಗೊತ್ತು. ದಯವಿಟ್ಟು ಕೆಳಗಿಳೀರಿ. ಎಲ್ಲಾ ಫ್ರೇಮನ್ನೂ ನೆಲದ ಮೇಲೇ ಸೇರಿಸಿ ಒಂದು ಮಾಡ್ಕೊಳ್ಳಿ, ಗೋಡೆ ಹತ್ರ ಆಮೇಲೆ ಹೋಗಿ. ಮೊದ್ಲು ನೆಲ, ಆಮೇಲೆ ಗೋಡೆ. ಇಷ್ಟೇ ನನ್ನ ಭಾಷಣ, ಉಳಿದದ್ದೆಲ್ಲ ಇದರ ವಿವರಣೆ.

ಯಾಕೆ ಅಂತೀರಾ? ಒಂಬತ್ತು ಫ್ರೇಮು ಬಿಡಿಬಿಡಿಯಾಗಿ ಹಾಕಿದ್ರೆ ಒಂಬತ್ತು ಮೊಳೆ, ಒಂಬತ್ತು ತೂತು, ಅದ್ರಲ್ಲಿ ಒಂದು ಮೊಳೆ ಎರಡು ಮಿಲಿಮೀಟರ್ ಅತ್ತಿತ್ತ ಆದ್ರೂ ಸಾಕು, ಬಾಗಿಲಲ್ಲಿ ನಿಂತೋರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಒಂದೇ ಫ್ರೇಮು ಇದ್ದಾಗ ಎರಡು ಮಿಲಿಮೀಟರ್ ಯಾರಿಗೂ ಕಾಣಲ್ಲ, ಪಕ್ಕದಲ್ಲಿ ಇನ್ನೊಂದು ಅಂಚು ಇದ್ದಾಗಲೇ ಸೊಟ್ಟ ಅನ್ನೋದು ಗೊತ್ತಾಗೋದು. ಹಾಕಿದ ದಿನ ಸರಿಯಾಗೇ ಇದ್ರೂ ಧೂಳು ಒರೆಸೋವಾಗ ಒಂದು ಅಲ್ಲಾಡುತ್ತೆ, ಗಾಳಿಗೆ ಬಾಗಿಲು ದಡಾರ್ ಅಂದಾಗ ಇನ್ನೆರಡು ಅಲ್ಲಾಡುತ್ತೆ.

ಒಬ್ರು ದಂಪತಿ ನನ್ನ ಹತ್ರ ಬಂದಿದ್ರು, ಆ ಕಥೆ ಹೇಳ್ಲೇಬೇಕು. ಸಮುದ್ರದ ಒಂದು ಫೋಟೋ, ದೊಡ್ಡದು, ಅದನ್ನ ಆರು ತುಂಡು ಮಾಡಿ ಆರು ಫ್ರೇಮಲ್ಲಿ ಹಾಕಿಸಿದ್ರು, ಮೇಲೆ ಮೂರು ಕೆಳಗೆ ಮೂರು. ಮೇಲಿನ ಸಾಲಲ್ಲಿ ಆಕಾಶ ನೀರು ಸೇರೋ ಗೆರೆ ಮೂರು ಫ್ರೇಮಲ್ಲೂ ಹಾದು ಹೋಗ್ಬೇಕು, ಮಧ್ಯದಲ್ಲಿ ಒಂದು ಹಾಯಿದೋಣಿ. ಯಜಮಾನ್ರು ಆರು ಮೊಳೆ ಹೊಡೆದು ಆರೂ ನೇತುಹಾಕಿದ್ರು. ಸಮುದ್ರ ಮೆಟ್ಟಿಲು ಮೆಟ್ಟಿಲಾಗಿ ಬಂತು! ಎಡಗಡೆ ನೀರು ಒಂದು ಮಟ್ಟದಲ್ಲಿ, ನಡುವೆ ಇನ್ನೊಂದು, ಬಲಗಡೆ ಇನ್ನೂ ಕೆಳಗೆ. ಅವರು ಆಫೀಸಿಗೆ ಹೋದ್ಮೇಲೆ ಆ ಯಮ್ಮ ಸರಿ ಮಾಡೋದು, ಸಂಜೆ ಬಂದು ಇವರು "ಯಾರೇ ಇದನ್ನ ಮುಟ್ಟಿದ್ದು" ಅಂತ ಮತ್ತೆ ತಿರುಗಿಸೋದು. "ರೀ, ಸೊಟ್ಟ ಇದ್ದಿದ್ದನ್ನ ನೆಟ್ಟಗೆ ಮಾಡಿದೆ ಕಣ್ರೀ" ಅಂತ ಅವರು, "ನಾನು ಫೋನಲ್ಲಿ ಲೆವೆಲ್ ಇಟ್ಟು ನೋಡಿದೀನಿ ಕಣೇ" ಅಂತ ಇವರು. ಮಜಾ ಏನಂದ್ರೆ ಇಬ್ರೂ ಹೇಳ್ತಿದ್ದಿದ್ದು ನಿಜವೇ. ಫೋನಿಟ್ಟು ನೋಡಿದ್ರೆ ಫ್ರೇಮು ನೆಟ್ಟಗಿದೆ, ದೂರದಿಂದ ನೋಡಿದ್ರೆ ಸಮುದ್ರ ಸೊಟ್ಟ. ಒಂದೊಂದು ಫ್ರೇಮೂ ಅದರ ಪಾಡಿಗೆ ನೆಟ್ಟಗೇ ಇತ್ತು, ಪಕ್ಕದ್ದಕ್ಕೆ ಹೊಂದಿರಲಿಲ್ಲ ಅಷ್ಟೇ.

ಕೊನೆಗೆ ಆರೂ ಫ್ರೇಮು ಬೆಡ್‌ಶೀಟಲ್ಲಿ ಸುತ್ಕೊಂಡು ಬಂದ್ರು. ನೆಲದ ಮೇಲೆ ದಪ್ಪ ಕಂಬಳಿ ಹಾಸಿ, ಮೊದಲು ಮುಖ ಮೇಲೆ ಮಾಡಿ ಜೋಡಿಸಿ ನೋಡಿದೆ. ನೀರಿನ ಗೆರೆ ಕೂಡ್ತು. ಆದ್ರೆ ದೋಣಿಯ ಹಗ್ಗ, ಕಂಬದ ತುದಿಯಿಂದ ಓರೆಯಾಗಿ ಇಳಿದು ಪಕ್ಕದ ಫ್ರೇಮಿಗೆ ಹೋಗೋದು, ಅದು ಮಾತ್ರ ಎಷ್ಟು ಮಾಡಿದ್ರೂ ಕೂಡಲಿಲ್ಲ. ಒಂದು ಫ್ರೇಮಲ್ಲಿ ಎಲ್ಲೋ ಮುಗಿಯುತ್ತೆ, ಇನ್ನೊಂದರಲ್ಲಿ ಎಲ್ಲೋ ಶುರುವಾಗುತ್ತೆ. "ನಿಮ್ಮ ಫ್ರೇಮೇ ಸರಿ ಇಲ್ಲ ಅನ್ಸುತ್ತೆ" ಅಂದ್ರು ಯಜಮಾನ್ರು. ಫ್ರೇಮು ನನ್ನದಲ್ಲ, ಅದು ಬೇರೆ ಮಾತು. ತಪ್ಪು ಫ್ರೇಮಿಂದೂ ಅಲ್ಲ, ಕತ್ತರಿಸಿದ ರೀತಿಯದು.

ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ಒಂದೇ ಚಿತ್ರನ ತುಂಡು ಮಾಡಿ ಹಾಕೋರೆಲ್ಲ ಎಡವೋದು ಇಲ್ಲೇ. ಕಿಟಕಿ ಕಂಬಿ ಹಿಂದೆ ಒಂದು ಮರದ ಕೊಂಬೆ ಇದೆ ಅಂದ್ಕೊಳ್ಳಿ. ಕಂಬಿ ಅಡ್ಡ ಬಂದಷ್ಟು ಕೊಂಬೆ ಕಾಣಲ್ಲ, ಆದ್ರೂ ಕಣ್ಣಿಗೆ ಅದು ಒಂದೇ ಕೊಂಬೆ, ಅಲ್ವಾ? ಫ್ರೇಮಿನ ಮರವೂ ಹಾಗೇ ಅಡ್ಡ ಬರೋ ವಸ್ತು. ಫ್ರೇಮಿನ ಅಗಲ ಎರಡು ಸೆಂಟಿಮೀಟರ್ ಅಂದ್ರೆ, ಅಕ್ಕಪಕ್ಕ ಎರಡು ಫ್ರೇಮು ಸೇರಿದಾಗ ನಡುವೆ ನಾಲ್ಕು ಸೆಂಟಿಮೀಟರ್ ಮರ ಇರುತ್ತೆ. ಚಿತ್ರದಲ್ಲೂ ಆ ನಾಲ್ಕು ಸೆಂಟಿಮೀಟರ್ ಬಿಟ್ಟೇ ಕತ್ತರಿಸ್ಬೇಕು, ಅಂದ್ರೆ ಅಷ್ಟು ಚಿತ್ರ ಮರದ ಹಿಂದೆ ಇದೆ ಅಂತ ಲೆಕ್ಕ. ಅಯ್ಯೋ ವೇಸ್ಟ್ ಆಗುತ್ತಲ್ಲ ಅಂತ ಬಿಡದೇ ಕತ್ತರಿಸಿದ್ರೆ ಅಡ್ಡ ಗೆರೆ, ಉದ್ದ ಗೆರೆ ಏನೂ ಆಗಲ್ಲ, ಓರೆ ಗೆರೆ ಮಾತ್ರ ಜಿಗಿಯುತ್ತೆ. ಅವರ ಹಗ್ಗ ಜಿಗಿದಿದ್ದು ಅದಕ್ಕೇ. ಇನ್ನೊಂದು, ಗಾಜು ಕೂರೋ ತೋಡು ಇದೆಯಲ್ಲ, ಫ್ರೇಮಿನ ಒಳ ಅಂಚು, ಅದು ಸುತ್ತ ಐದಾರು ಮಿಲಿಮೀಟರ್ ಚಿತ್ರ ನುಂಗುತ್ತೆ, ಹಾಗಾಗಿ ಪ್ರತಿ ತುಂಡೂ ಕಾಣೋ ಜಾಗಕ್ಕಿಂತ ಅಷ್ಟು ದೊಡ್ಡದಾಗಿ ಪ್ರಿಂಟ್ ಆಗಿರ್ಬೇಕು. ಮತ್ತೆ ಯಾರ ಮುಖವೂ ಆ ಬಿಟ್ಟ ಪಟ್ಟಿಯಲ್ಲಿ ಬರದ ಹಾಗೆ ನೋಡ್ಕೊಳ್ಳಿ, ಮದುವೆ ಗ್ರೂಪ್ ಫೋಟೋದಲ್ಲಿ ಹಿರಿಯರೊಬ್ಬರ ಅರ್ಧ ಮುಖ ಮರದ ಹಿಂದೆ ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಆ ದಂಪತಿ ಮತ್ತೆ ಪ್ರಿಂಟ್ ಹಾಕಿಸ್ಕೊಂಡು ಬಂದ್ರು, ಹಗ್ಗ ಕೂಡ್ತು, ಆರೂ ಫ್ರೇಮು ಒಂದಾಗಿ ಕೂತ್ವು. ಈಗ ಧೂಳು ಒರೆಸಿದ್ರೂ ಏನೂ ಅಲ್ಲಾಡಲ್ಲ, ಅಲ್ಲಾಡಿದ್ರೆ ಇಡೀ ಸಮುದ್ರವೇ ಅಲ್ಲಾಡ್ಬೇಕು.

ಸರಿ, ಕೆಲಸಕ್ಕೆ ಬರೋಣ. ಮೊದ್ಲು ನೆಲ ಅಂದ್ನಲ್ಲ, ನೆಲ ನಿಜವಾಗ್ಲೂ ಸಮ ಇದೆಯಾ ನೋಡಿ. ಕಂಬಳಿ ಹಾಸಿ, ಫ್ರೇಮುಗಳನ್ನ ಮುಖ ಕೆಳಗೆ ಮಾಡಿ ಇಡಿ. ಮುಖ ಕೆಳಗಾದ್ರೆ ಎಡದ್ದು ಬಲಕ್ಕೆ ಹೋಗುತ್ತೆ, ಆದ್ದರಿಂದ ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಲ್ಲಿ ನಂಬರ್ ಹಾಕಿ, ಮೇಲ್ಭಾಗಕ್ಕೆ ಒಂದು ಬಾಣದ ಗುರುತು ಹಾಕಿ. ತಲೆಕೆಳಗಾಗಿ ಬಿಗಿದ ಅಜ್ಜನ ಫೋಟೋ ಬಿಚ್ಚೋ ಹೊತ್ತಿಗೆ ಮನೇಲಿ ಯಾರಿಗೂ ತಾಳ್ಮೆ ಉಳಿದಿರಲ್ಲ.

ಆಮೇಲೆ ಫ್ರೇಮು ಚೌಕವಾಗಿದೆಯಾ, ಅಂದ್ರೆ ನಾಲ್ಕೂ ಮೂಲೆ 90 ಡಿಗ್ರಿ ಇದೆಯಾ ನೋಡ್ಬೇಕು. ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡೀರಿ, ಎರಡೂ ಅಳತೆ ಒಂದೇ ಬಂದ್ರೆ ಚೌಕ ಸರಿ ಇದೆ. ಒಂದೇ ಡಬ್ಬಿಯಲ್ಲಿ ಬಂದ ಫ್ರೇಮಲ್ಲೂ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತೆ, ಸಾಲಾಗಿ ಇಟ್ಟಾಗ ಆ ತಪ್ಪು ಕೂಡ್ತಾ ಹೋಗುತ್ತೆ. ಅದಕ್ಕೇ ನಾನು ಫ್ರೇಮನ್ನ ಒಂದಕ್ಕೊಂದು ತಾಗಿಸಿ ಇಡಲ್ಲ, ನಡುವೆ ಐದು ಮಿಲಿಮೀಟರ್ ಸಂದು ಬಿಡ್ತೀನಿ. ಒಂದೇ ಪ್ಲೈವುಡ್ಡಿಂದ ಕತ್ತರಿಸಿದ ಚೂರುಗಳನ್ನ ಸಂದಿನಲ್ಲಿ ಸಿಕ್ಕಿಸಿದ್ರೆ ಎಲ್ಲಾ ಸಂದೂ ಒಂದೇ ಸಮ ಬರುತ್ತೆ, ಬಿಗಿದಾದ ಮೇಲೆ ತೆಗೀರಿ. ತಾಗಿಸಿ ಇಟ್ಟಾಗ ಎದ್ದು ಕಾಣೋ ತಪ್ಪು ಸಂದಿನಲ್ಲಿ ಮಾಯ ಆಗುತ್ತೆ. ಒಂದೇ ಚಿತ್ರ ತುಂಡು ಮಾಡಿದ್ರೆ ಈ ಐದು ಮಿಲಿಮೀಟರನ್ನೂ ಕತ್ತರಿಸೋ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಈಗ ಬಿಗಿಯೋದು. ತೂತಿರೋ ಚಪ್ಪಟೆ ಕಬ್ಬಿಣದ ಪಟ್ಟಿ ಸಿಗುತ್ತೆ, ಒಂದೊಂದು ಸಂದಿಗೆ ಎರಡು ಪಟ್ಟಿ, ಒಂದು ತುದಿ ಈ ಫ್ರೇಮಿಗೆ, ಇನ್ನೊಂದು ತುದಿ ಆ ಫ್ರೇಮಿಗೆ. ನಾಲ್ಕು ಮೂಲೆ ಸೇರೋ ಕಡೆ ನಾಲ್ಕು ತೂತಿನ ಚೌಕದ ಪ್ಲೇಟ್ ಹಾಕಿದ್ರೆ ಇನ್ನೂ ಒಳ್ಳೇದು. ಸ್ಕ್ರೂ ಉದ್ದ ನೋಡಿ ಸ್ವಾಮಿ! ಫ್ರೇಮಿನ ದಪ್ಪ 15 ಮಿಲಿಮೀಟರ್ ಇದ್ರೆ 12 ಮಿಲಿಮೀಟರ್ ಸ್ಕ್ರೂ ಸಾಕು, ಅದಕ್ಕಿಂತ ಉದ್ದದ್ದು ಹಾಕಿ ಮುಂದೆ ಪಾಲಿಶ್ ಒಡೆದು ತುದಿ ಹೊರಗೆ ಬಂದ್ಮೇಲೆ ನನ್ನ ಹತ್ರ ಬಂದ್ರೆ ನಾನೇನು ಮಾಡ್ಲಿ. ಸ್ಕ್ರೂಗಿಂತ ಸಣ್ಣ ಡ್ರಿಲ್ ಬಿಟ್ ಹಾಕಿ ಮೊದಲು ತೂತು ಮಾಡ್ಕೊಳ್ಳಿ, ಇಲ್ಲಾಂದ್ರೆ ಮರ ಸೀಳುತ್ತೆ, ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅದಂತೂ ಉಬ್ಬಿ ಬಿರಿಯುತ್ತೆ. ಬಿಟ್ಟಿಗೆ ಒಂದು ಚೂರು ಟೇಪ್ ಸುತ್ತಿದ್ರೆ ಎಷ್ಟು ಆಳಕ್ಕೆ ನಿಲ್ಲಿಸ್ಬೇಕು ಅನ್ನೋದು ತಿಳಿಯುತ್ತೆ. ಒಂದು ಫ್ರೇಮು ದಪ್ಪ ಇನ್ನೊಂದು ತೆಳು ಇದ್ರೆ ಮುಖ ಕೆಳಗಿರೋದ್ರಿಂದ ಮುಂದೆ ಸಮ ಬರುತ್ತೆ, ಹಿಂದೆ ಏರುಪೇರು, ತೆಳು ಇರೋದಕ್ಕೆ ಪಟ್ಟಿ ಕೆಳಗೆ ಚೂರು ಪ್ಲೈ ಪ್ಯಾಕಿಂಗ್ ಕೊಡಿ. ಪಟ್ಟಿ ಹಿಂದಿನ ರಟ್ಟಿನ ಮೇಲೆ ಬರಬಾರದು, ನಾಳೆ ಫೋಟೋ ಬದಲಾಯಿಸ್ಬೇಕು ಅಂದ್ರೆ ರಟ್ಟು ತೆಗೆಯೋಕೆ ಆಗ್ಬೇಕು.

ಅಂಟು ಹಾಕಿದ್ರೆ ಸಾಲದಾ ಅಂತ ದಿನಾ ಕೇಳ್ತಾರೆ. ಸಾಲದು. ಮರದ ಅಂಟು ಪಾಲಿಶ್ ಇಲ್ಲದ ಬರೀ ಮರಕ್ಕೆ ಇಳಿದು ಹಿಡಿಯೋದು, ಪಾಲಿಶ್ ಮೇಲೆ ಅದಕ್ಕೆ ಹಿಡಿತ ಇಲ್ಲ. ಒಂದು ವೇಳೆ ಹಿಡೀತು ಅಂತಾನೇ ಇಟ್ಕೊಳ್ಳಿ, ಒಂದು ಫ್ರೇಮು ಹಾಳಾದ್ರೆ ಪಕ್ಕದ್ದನ್ನೂ ಒಡೀಬೇಕು. ಡಬಲ್ ಟೇಪ್ ಬಗ್ಗೆ ಕೇಳಲೇಬೇಡಿ. ತೆಳು ಪ್ಲಾಸ್ಟಿಕ್ ಫ್ರೇಮು ಸ್ಕ್ರೂ ಹಿಡಿಯಲ್ಲ, ಅಂಥದ್ದನ್ನ ಸೇರಿಸೋ ಆಸೆ ಬಿಟ್ಟು ಮರದ್ದು ತಗೊಳ್ಳಿ. ಅಲ್ಯೂಮಿನಿಯಂ ಬೇರೆ ಕಥೆ, ಇವತ್ತು ಬೇಡ.

ಆ ಕಡೆಯಿಂದ ಕೈ ತೋರಿಸ್ತಿದಾರೆ, ಟೈಮ್ ಕಮ್ಮಿ ಇದೆ ಅಂತ. ಹಿಂಜಸ್ ಹಾಕಿ ಮಡಿಚೋ ಥರ ಸೇರಿಸೋದರ ಬಗ್ಗೆ ತುಂಬಾ ಹೇಳ್ಬೇಕು ಅಂದ್ಕೊಂಡಿದ್ದೆ, ಬೆಲ್ಜಿಯಂನ ಗೆಂಟ್ ಊರಿನ ಚರ್ಚಲ್ಲಿ ವಾನ್ ಐಕ್ ಸಹೋದರರು ಮಾಡಿ 1432ರಲ್ಲಿ ಮುಗಿಸಿದ ಚಿತ್ರ ಇದೆ, ಹಲಗೆಗಳನ್ನ ಹಿಂಜಸ್ಸಲ್ಲಿ ಸೇರಿಸಿ ಬಾಗಿಲಿನ ಹಾಗೆ ತೆಗೆದು ಮುಚ್ಚೋ ಥರ ಮಾಡಿದಾರೆ, ಅದ್ಭುತ, ಆದ್ರೆ ಈಗ ಬಿಡಿ, ಗೋಡೆಗೆ ಹೋಗೋಣ.

ತೂಕ ನೋಡ್ಕೊಳ್ಳಿ. ಎರಡು ಮಿಲಿಮೀಟರ್ ಗಾಜು ಒಂದು ಚದರ ಮೀಟರಿಗೆ ಐದು ಕೆಜಿ, ಅದರ ಮೇಲೆ ಮರದ್ದು. ಅಕ್ರಿಲಿಕ್, ಅಂದ್ರೆ ಗಾಜಿನ ಥರದ ಪ್ಲಾಸ್ಟಿಕ್ ಹಾಳೆ, ಅಷ್ಟೇ ದಪ್ಪದ್ದು ಹಾಕಿದ್ರೆ ಗಾಜಿನ ಅರ್ಧದಷ್ಟೂ ಇರಲ್ಲ. ಸೇರಿಸಿದ್ದು ಅಗಲ ಆಗಿರೋದ್ರಿಂದ ಹಿಂದೆ ಉದ್ದಕ್ಕೆ ತಂತಿ ಕಟ್ಟಿ ಒಂದೇ ಮೊಳೆಗೆ ನೇತುಹಾಕ್ಬೇಡಿ. ತಂತಿ ಅಡ್ಡಕ್ಕೆ ನೆಟ್ಟಗೆ ಮಲಗಿದಷ್ಟೂ ಎಳೆತ ಜಾಸ್ತಿ. 10 ಕೆಜಿ ಸಾಮಾನು, ತಂತಿ 10 ಡಿಗ್ರಿ ಮಾತ್ರ ಓರೆ ಇದ್ರೆ, ಒಂದೊಂದು ಕಡೆ ಸುಮಾರು 29 ಕೆಜಿಯಷ್ಟು ಎಳೆತ ಬೀಳುತ್ತೆ, ಅದೂ ಒಳಮುಖವಾಗಿ. ನೀವು ಕಷ್ಟಪಟ್ಟು ಬಿಗಿದ ಸಂದುಗಳೇ ಬಾಗೋದು.

ಅದರ ಬದಲು ಒಂದು ರೀಪರ್, ಅಂದ್ರೆ ಉದ್ದನೆಯ ಮರದ ಪಟ್ಟಿ ತಗೊಂಡು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ, ಎರಡು ಪಟ್ಟಿ ಆಗುತ್ತೆ. ಒಂದನ್ನ ಮೇಲಿನ ಸಾಲಿನ ಎಲ್ಲಾ ಫ್ರೇಮಿಗೂ ಅಡ್ಡಲಾಗಿ ಬಿಗೀರಿ, ಓರೆ ಅಂಚು ಕೆಳಗೆ, ಚೂಪು ತುದಿ ಗೋಡೆ ಕಡೆಯ ಮುಖದಲ್ಲಿ ಇರ್ಬೇಕು. ಸೇರಿಸೋದಕ್ಕೂ ಅದೇ, ನೇತುಹಾಕೋದಕ್ಕೂ ಅದೇ. ಇನ್ನೊಂದನ್ನ ಗೋಡೆಗೆ ಹಾಕಿ, ಓರೆ ಅಂಚು ಮೇಲೆ, ಚೂಪು ತುದಿ ನಿಮ್ಮ ಕಡೆ. ರಸಮಟ್ಟ ಇಟ್ಟು ನೋಡೋದು ಇದೊಂದೇ ಪಟ್ಟಿಗೆ. ಎತ್ತಿ ಮೇಲಿಂದ ಇಳಿಸಿದ್ರೆ ಒಂದರೊಳಗೊಂದು ಕೂರುತ್ತೆ, ಅತ್ತಿತ್ತ ಜರುಗಿಸ್ಬಹುದು. ಕೆಳಗಿನ ಸಾಲಿನ ಹಿಂದೆ ಅಷ್ಟೇ ದಪ್ಪದ ಮರದ ಚೂರು ಅಂಟಿಸಿ, ಇಲ್ಲಾಂದ್ರೆ ಕೆಳಗಡೆ ಗೋಡೆಗೆ ವಾಲುತ್ತೆ. ಗೋಡೆಗೆ ಡ್ರಿಲ್ಲಲ್ಲಿ ತೂತು, ಸ್ಕ್ರೂ ಹಿಡಿಯೋಕೆ ತೂತಿಗೆ ತುರುಕೋ ಪ್ಲಗ್, 50 ಮಿಲಿಮೀಟರ್ ಸ್ಕ್ರೂ ಮೂರ್ನಾಲ್ಕು, ಪ್ಲಗ್ಗು ಗಾರೆ ದಾಟಿ ಇಟ್ಟಿಗೆಗೆ ಹೋಗ್ಬೇಕು. ಜಿಪ್ಸಂ ಬೋರ್ಡಿನ ಗೋಡೆ ಆದ್ರೆ ಒಳಗಿನ ಚೌಕಟ್ಟು ಹುಡುಕಿ ಅದಕ್ಕೇ ಹಾಕಿ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಡ್ರಿಲ್ ಇಡ್ಲೇಬೇಡಿ, ವೈರ್ ಇರುತ್ತೆ.

ಎತ್ತರ ಎಷ್ಟು ಅಂದ್ರೆ, ಒಟ್ಟು ಗುಂಪಿನ ಮಧ್ಯ ನೆಲದಿಂದ 145ರಿಂದ 150 ಸೆಂಟಿಮೀಟರ್. ಒಂದು ಫ್ರೇಮಿನ ಮಧ್ಯ ಅಲ್ಲ, ಇಡೀ ಗುಂಪಿಂದು, ಯಾಕಂದ್ರೆ ಅದು ಈಗ ಒಂದೇ ವಸ್ತು. ಎತ್ತೋಕೆ ಇಬ್ರು ಬೇಕು, ನಿಲ್ಲಿಸ್ಕೊಂಡು ಹೊರಬೇಕು, ಮಂಚದ ಹಲಗೆ ಥರ ಮಲಗಿಸ್ಕೊಂಡು ಹೊತ್ರೆ ನಡುವೆ ಬಾಗಿ ಸಂದು ಸಡಿಲ ಆಗುತ್ತೆ. ಗಾಜಿಗೆ ಅಡ್ಡಡ್ಡ ಪೇಪರ್ ಟೇಪ್ ಹಾಕಿರಿ, ಗೋಡೆಗೆ ಏರಿದ ಮೇಲೆ ನಿಧಾನಕ್ಕೆ ಕಿತ್ತು ಒರೆಸಿ. ನಮಸ್ಕಾರ.