ಚಂದ್ರಕಾಂತ: ಮೊದಲು ಕಲ್ಲು ಯಾವುದು ಅಂತ ಕೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಒಡವೆ ಅಂಗಡಿಗೆ ಹೋಗುವವರು ಜಾಸ್ತಿ ಇರುವ ಕಾಲ. ಅದಕ್ಕೇ ಈ ಮಾತನ್ನು ಈಗಲೇ ಆಡಬೇಕು ಅಂತ ನಾನೇ ಕೇಳಿಕೊಂಡು ಬಂದೆ.

ಚಂದ್ರಕಾಂತ, ಅಂದರೆ ಮೂನ್‌ಸ್ಟೋನ್, ಬಹಳ ಚಂದದ ಕಲ್ಲು. ಅದನ್ನು ಮಾರುವಾಗ ಹೇಳುವ ಮಾತುಗಳು ಮಾತ್ರ ನನಗೆ ಸಂಕಟ ತರುತ್ತವೆ. ಮದುವೆ ಕೂಡಿಬರುತ್ತದೆ, ಮಕ್ಕಳಾಗುತ್ತವೆ, ನಿದ್ದೆ ಬರುತ್ತದೆ. ಇದನ್ನೆಲ್ಲ ಹೇಳುವುದು ಯಾರಿಗೆ? ನೊಂದವರಿಗೆ. ಕಲ್ಲು ಏನು ಮಾಡುತ್ತದೆ ಅಂತ ಕೇಳುವ ಮೊದಲು, ಕಲ್ಲು ಯಾವುದು ಅಂತ ಕೇಳಿ. ಇದನ್ನು ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಪಕ್ಕದ ತೋಟದಲ್ಲಿ ಒಬ್ಬರು ಅಕ್ಕ ಇದ್ದಾರೆ. 2018ರ ಆಗಸ್ಟ್‌ನಲ್ಲಿ ಮಳೆಗೆ ನಮ್ಮ ಗುಡ್ಡಗಳು ಕುಸಿದದ್ದು ನಿಮಗೆ ಹೇಳಬೇಕಾಗಿಲ್ಲ. ಅವರ ಮನೆ ಉಳಿಯಿತು, ನಿದ್ದೆ ಹೋಯಿತು. ರಾತ್ರಿ ಮಳೆ ಜೋರಾದರೆ ಎದ್ದು ಕೂರುವುದು, ಗುಡ್ಡದ ಕಡೆ ಟಾರ್ಚ್ ಬಿಡುವುದು. ಯಾರೋ ಹೇಳಿದರು ಅಂತ ಬೆಳ್ಳಿ ಉಂಗುರಕ್ಕೆ ಚಂದ್ರಕಾಂತ ಕೂರಿಸಿ ಹಾಕಿಕೊಂಡರು. ಪಾತ್ರೆ ತೊಳೆಯುವಾಗಲೂ ಅದೇ ಉಂಗುರ, ಕಾಫಿ ಕೊಯ್ಯುವಾಗಲೂ ಅದೇ. ಒಂದು ದಿನ ನೋಡಿದರೆ ಕಲ್ಲು ಎರಡು ತುಂಡು. ಓಡಿಹೋಗಿ ಮಾರಿದವರನ್ನು ಕೇಳಿದರು. ಆ ಮನುಷ್ಯ ಏನು ಹೇಳಿದರು ಗೊತ್ತಾ? ನಿಮ್ಮ ಮೇಲೆ ಬರಬೇಕಿದ್ದ ಕೆಟ್ಟದ್ದನ್ನು ಕಲ್ಲು ತನ್ನ ಮೇಲೆ ತಗೊಂಡಿದೆ, ಈಗ ಇದಕ್ಕಿಂತ ದೊಡ್ಡದು ಹಾಕಬೇಕು!

ಅಕ್ಕ ಸಂಜೆ ನಮ್ಮ ಮನೆಗೆ ಬಂದರು. ಮುಖ ಸಪ್ಪಗಾಗಿತ್ತು. ನಾನು ಲೆನ್ಸ್ ಹಿಡಿದು ನೋಡಿದೆ. ಒಡೆದ ಜಾಗ ಕತ್ತರಿಸಿ ಇಟ್ಟ ಹಾಗೆ ಸಪಾಟಾಗಿತ್ತು. ಈ ಕಲ್ಲಿಗೆ ಸುಲಭವಾಗಿ ಸೀಳುವ ದಿಕ್ಕುಗಳು ಎರಡಿವೆ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ. ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಮುಗಿಯಿತು. ಎಲ್ಲಾದರೂ ತಾಗಿತ್ತಾ ಅಕ್ಕ ಅಂತ ಕೇಳಿದೆ. ಯೋಚನೆ ಮಾಡಿ ಹೇಳಿದರು, ತೋಟದ ಗೇಟಿಗೆ ತಾಗಿತ್ತಂತೆ. "ಹಾಗಾದ್ರೆ ಯಾವ ಕೆಟ್ಟದ್ದೂ ಬಂದಿರಲಿಲ್ವಾ?" ಅಂದರು. "ಇಲ್ಲ ಅಕ್ಕ, ಗೇಟು ಬಂದಿತ್ತು" ಅಂದೆ. ಅವರ ಯಜಮಾನರು ಎಷ್ಟು ನಕ್ಕರು ಅಂದರೆ, ಕೊನೆಗೆ ಅಕ್ಕನೂ ನಕ್ಕರು.

ಆಮೇಲೆ ಅವರು ನಿದ್ದೆಯ ವಿಷಯಕ್ಕೆ ಡಾಕ್ಟರ ಹತ್ತಿರ ಹೋದರು. ಆ ಭಯಕ್ಕೂ ಚಿಕಿತ್ಸೆ ಇದೆ, ನಾಚಿಕೆ ಪಡುವಂಥದ್ದು ಏನೂ ಇಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಹೇಳಿ.

ಈಗ ಕಲ್ಲು ಯಾವುದು ಅಂತ ನೋಡೋಣ. ಇದು ಫೆಲ್ಡ್‌ಸ್ಪಾರ್ ಗುಂಪಿನ ಖನಿಜ. ಬಿಸಿಯಾಗಿದ್ದಾಗ ಪೊಟ್ಯಾಸಿಯಂ ಇರುವ ಭಾಗ, ಸೋಡಿಯಂ ಇರುವ ಭಾಗ ಎರಡೂ ಬೆರೆತಿರುತ್ತವೆ. ನಿಧಾನವಾಗಿ ತಣ್ಣಗಾದಾಗ ಬೇರೆಯಾಗಿ ಪರೋಟಾದ ಹಾಗೆ ಪದರು ಪದರಾಗಿ ನಿಲ್ಲುತ್ತವೆ. ಈ ಪದರುಗಳು ಕಣ್ಣಿಗೆ ಕಾಣದಷ್ಟು ತೆಳು. ಬೆಳಕು ಒಳಗೆ ಹೋಗಿ ಅವುಗಳ ಮಧ್ಯೆ ಚದುರುತ್ತದೆ. ಪದರು ತೀರಾ ತೆಳುವಾಗಿದ್ದರೆ ನೀಲಿ ಹೊಳಪು, ದಪ್ಪವಾಗಿದ್ದರೆ ಬಿಳಿ. ಕಲ್ಲನ್ನು ವಾಲಿಸಿದರೆ ಆ ಹೊಳಪು ಮೇಲೆ ತೇಲುತ್ತಾ ಜರುಗುತ್ತದೆ. ಅದಕ್ಕೇ ಇದನ್ನು ಗುಮ್ಮಟದ ಆಕಾರಕ್ಕೆ ಉಜ್ಜುವುದು. ಪದರಿನ ದಿಕ್ಕು ತಿಳಿಯದೆ ಉಜ್ಜಿದರೆ ಹೊಳಪು ಒಂದು ಮೂಲೆಗೆ ಹೋಗಿಬಿಡುತ್ತದೆ.

ಬೆಳದಿಂಗಳಿಗೆ ಈ ಕಲ್ಲು ಕರಗಿ ನೀರು ಒಸರುತ್ತದೆ ಅಂತ ನಮ್ಮ ಹಳೆಯ ಕಾವ್ಯಗಳು ಹೇಳುತ್ತವೆ. ಕವಿಗಳ ಕಣ್ಣಿಗೆ ನನ್ನ ನಮಸ್ಕಾರ. ಆದರೆ ನಿಜ ಸಂಗತಿ ಇನ್ನೂ ದೊಡ್ಡದು. ಚಂದ್ರನ ಮೇಲೆ ನಮಗೆ ಬೆಳ್ಳಗೆ ಕಾಣುವ ಜಾಗ ಇದೆಯಲ್ಲ, ಆ ಬಂಡೆ ಬಹುಪಾಲು ಫೆಲ್ಡ್‌ಸ್ಪಾರೇ. ವಿಧ ಬೇರೆ, ಕುಟುಂಬ ಒಂದೇ. ನಮ್ಮ ಕೊಡಗಿನ ಬಂಡೆಗಳಲ್ಲೂ ಫೆಲ್ಡ್‌ಸ್ಪಾರ್ ಇದೆ. ಅದು ಮಳೆಗೆ ಕೊಳೆತರೆ ಜೇಡಿ ಮಣ್ಣಾಗುತ್ತದೆ. ಹುತ್ತರಿ ಹುಣ್ಣಿಮೆಗೆ ಕದಿರು ತೆಗೆಯಲು ಗದ್ದೆಗೆ ಇಳಿದಾಗ ಮೇಲೆ ಇರುವುದೂ ಅದೇ ಕುಟುಂಬ, ಕಾಲ ಕೆಳಗಿನ ಕೆಸರಿನಲ್ಲಿ ಇರುವುದೂ ಅದೇ ಕುಟುಂಬದ್ದು. ಇದಕ್ಕಿಂತ ಪವಾಡ ಬೇಕಾ ನಮಗೆ?

ಹಾಗಂತ ಹರಳು ಹುಡುಕಿಕೊಂಡು ಗುಡ್ಡ ಅಗೆಯಲು ಹೋಗಬೇಡಿ. ಭಾಗಮಂಡಲದ ಕಡೆ ಕಾಡಿನಲ್ಲಿ ಹರಳು ಕಲ್ಲಿಗೆ ಕಳ್ಳತನದಿಂದ ಅಗೆದದ್ದು ನಿಮಗೆಲ್ಲ ಗೊತ್ತು. ಒಳ್ಳೆಯ ನೀಲಿ ಹೊಳಪಿನ ಚಂದ್ರಕಾಂತಕ್ಕೆ ಶ್ರೀಲಂಕಾದ ಮೀಟಿಯಾಗೊಡ ಹೆಸರುವಾಸಿ. ತಮಿಳುನಾಡಿನ ಕಾಂಗೇಯಂ ಕಡೆಯೂ ಸಿಗುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯ 1970ರಲ್ಲಿ ಇದನ್ನು ತನ್ನ ರಾಜ್ಯರತ್ನ ಮಾಡಿಕೊಂಡಿತು, ಚಂದ್ರನ ಮೇಲೆ ಮನುಷ್ಯ ಇಳಿದ ನೆನಪಿಗೆ. ಅಲ್ಲಿನ ನೆಲದಲ್ಲಿ ಈ ಕಲ್ಲು ಸಿಗುವುದೇ ಇಲ್ಲ! ಪ್ರೀತಿಗೆ ಗಣಿ ಯಾಕೆ ಬೇಕು, ಅಲ್ವಾ?

ಸಮಯ ಆಯಿತು ಅಂತ ಚೀಟಿ ಬಂದಿದೆ. ಅಂಗಡಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಚಂದ್ರಕಾಂತದ ಹೆಸರಿನಲ್ಲಿ ಮಾರುವ ಓಪಲೈಟ್ ಅಂತ ಒಂದಿದೆ, ಅದು ಗಾಜು. ಲೆನ್ಸಿನಲ್ಲಿ ನೋಡಿದರೆ ಕೆಲವೊಮ್ಮೆ ಗಾಳಿಗುಳ್ಳೆ ಕಾಣುತ್ತದೆ. ಕಾಮನಬಿಲ್ಲಿನ ಬಣ್ಣ ಬರುವ ರೇನ್‌ಬೋ ಮೂನ್‌ಸ್ಟೋನ್ ಲ್ಯಾಬ್ರಡೊರೈಟ್ ಜಾತಿಗೆ ಸೇರಿದ್ದು. ಅದೂ ಫೆಲ್ಡ್‌ಸ್ಪಾರೇ, ಚಂದವೇ, ಆದರೆ ಅದು ಲ್ಯಾಬ್ರಡೊರೈಟ್ ಅಂತ ಗೊತ್ತಿದ್ದೇ ಖರೀದಿ ಮಾಡಿ. ನವರತ್ನದಲ್ಲಿ ಚಂದ್ರನಿಗೆ ಇರುವುದು ಮುತ್ತು, ಅದರ ಬದಲಿಗೆ ಇದನ್ನು ಹಾಕುವ ರೂಢಿ ಇದೆ. ನಂಬಿಕೆಯಿಂದ ಹಾಕುವವರು ಹಾಕಿ, ಹೆದರಿ ಹಾಕಬೇಡಿ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಚಂದ್ರಕಾಂತ 6ರಿಂದ 6.5, ಧೂಳಿನಲ್ಲಿರುವ ಮರಳು 7. ಅಂದರೆ ಧೂಳು ಉಜ್ಜಿದರೂ ಗೀರು ಬೀಳುತ್ತದೆ. ಉಂಗುರಕ್ಕಿಂತ ಪದಕ, ಓಲೆ ಒಳ್ಳೆಯದು. ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆ ಬಟ್ಟೆ ಸಾಕು. ಹಬೆ ಬೇಡ, ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಮೆಷಿನ್ ಬೇಡ.

ಪಕ್ಕದ ತೋಟದ ಅಕ್ಕ ಉಳಿದ ತುಂಡನ್ನು ಉಜ್ಜಿಸಿ ಪದಕ ಮಾಡಿಸಿಕೊಂಡಿದ್ದಾರೆ. ಚಂದ ಅಂತ ಹಾಕುತ್ತಾರೆ, ಅಷ್ಟೇ.

ಮನೆಯಿಂದ ಕಲ್ಲು ತಂದವರು ಈ ಮೇಜಿನ ಹತ್ತಿರ ಬನ್ನಿ. ಲೆನ್ಸ್ ಇದೆ, ಟಾರ್ಚ್ ಇದೆ. ಮೊದಲು ಕಲ್ಲು ಯಾವುದು ಅಂತ ನೋಡೋಣ, ಬೆಲೆ ಆಮೇಲೆ.